ಭಾಗಾಕಾರದಲ್ಲಿ ಕರಗುವ ಹೊಗೆ

ಹಡಗು ಕಂಪನಿಗಳು ವರ್ಷಕ್ಕೊಮ್ಮೆ ಹೊರತರುವ ಸುಸ್ಥಿರತೆ ವರದಿಯ ಜೀವಾಳ ಒಂದು ಭಾಗಾಕಾರ. ವರ್ಷವಿಡೀ ಉರಿಸಿದ ಎಣ್ಣೆಯಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡನ್ನು, ಸಾಗಿಸಿದ ಸರಕನ್ನೂ ಕ್ರಮಿಸಿದ ದೂರವನ್ನೂ ಗುಣಿಸಿ ಬಂದ ಮೊತ್ತದಿಂದ ಭಾಗಿಸುತ್ತಾರೆ. ಸಿಗುವ ಅಂಕಿಗೆ ಹೊರಸೂಸುವಿಕೆಯ ತೀವ್ರತೆ ಎಂದು ಹೆಸರು. ಈ ಅಂಕಿ ವರ್ಷದಿಂದ ವರ್ಷಕ್ಕೆ ಇಳಿದರೆ ಕಂಪನಿ ಶುದ್ಧವಾಗುತ್ತಿದೆ, ಅದನ್ನು ಅಚ್ಚು ಹಾಕಿಸಿ ಎಲ್ಲರ ಮುಂದಿಟ್ಟರೆ ಇನ್ನಷ್ಟು ಶುದ್ಧವಾಗುತ್ತದೆ ಎಂಬುದು ಇಂದು ಷೇರುಪೇಟೆ, ನಿಯಂತ್ರಣ ಸಂಸ್ಥೆ, ಮ್ಯಾನೇಜ್‌ಮೆಂಟ್ ಕಾಲೇಜು ಎಲ್ಲವೂ ಒಪ್ಪಿಕೊಂಡಿರುವ ಮಾತು. ಕಡಲಿನಿಂದ ದೂರವಿರುವ ದಾವಣಗೆರೆ–ಹರಿಹರದ ಸುತ್ತಲಿನ ಕಾರ್ಖಾನೆಗಳ ವರದಿಯೂ ಇದೇ ಅಚ್ಚಿನದು. ಈ ಮಾತಿನ ಎರಡು ಭಾಗಗಳೂ ತಪ್ಪು. ವರದಿ ಎದ್ದು ತೋರಿಸುವುದು ಭಾಗಲಬ್ಧವನ್ನು. ಗಾಳಿಗೂ ಹೊಳೆಗೂ ಸೇರುವುದು ಭಾಜ್ಯ.

ಅಂತರರಾಷ್ಟ್ರೀಯ ಕಡಲ ಸಂಸ್ಥೆ, ಅಂದರೆ ಐಎಂಒ, 2020ರಲ್ಲಿ ಹೊರತಂದ ನಾಲ್ಕನೆಯ ಹಸಿರುಮನೆ ಅನಿಲ ಅಧ್ಯಯನದಲ್ಲಿ ಎರಡೂ ಅಂಕಿಗಳು ಸಿಗುತ್ತವೆ. 2008ಕ್ಕೆ ಹೋಲಿಸಿದರೆ 2018ರ ಹೊತ್ತಿಗೆ ಹಡಗುಗಳ ಇಂಗಾಲದ ತೀವ್ರತೆ, ಅಳೆಯುವ ವಿಧಾನಕ್ಕೆ ತಕ್ಕಂತೆ, ಸುಮಾರು ಶೇ 20ರಿಂದ 30ರಷ್ಟು ಇಳಿದಿತ್ತು. ಅದೇ ಅಧ್ಯಯನದ ಪ್ರಕಾರ 2012ರಿಂದ 2018ರೊಳಗೆ ಹಡಗುಗಳ ಒಟ್ಟು ಹಸಿರುಮನೆ ಅನಿಲ 97.7 ಕೋಟಿ ಟನ್ನಿನಿಂದ 107.6 ಕೋಟಿ ಟನ್ನಿಗೆ ಏರಿತ್ತು. ಏರಿಕೆ ಶೇ 9.6. ಜಗತ್ತಿನ ಒಟ್ಟು ಮಾನವನಿರ್ಮಿತ ಹೊರಸೂಸುವಿಕೆಯಲ್ಲಿ ಹಡಗುಗಳ ಪಾಲು ಶೇ 2.76 ಇದ್ದದ್ದು 2.89 ಆಯಿತು. ಕಂಪನಿಗಳ ಮುಖಪುಟಕ್ಕೆ ಮೊದಲ ಅಂಕಿ ಹೋಯಿತು.

ತೀವ್ರತೆ ಇಳಿದದ್ದಾದರೂ ಹೇಗೆ? ನೀರನ್ನು ಸೀಳಿಕೊಂಡು ಹೋಗುವ ಹಡಗಿಗೆ ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಶೇ 10ರಷ್ಟು ತಗ್ಗಿಸಿದರೆ ಗಂಟೆಗೆ ಉರಿಯುವ ಎಣ್ಣೆ ಸುಮಾರು ಶೇ 27ರಷ್ಟು ಕಡಿಮೆಯಾಗುತ್ತದೆ; ಪ್ರಯಾಣ ಹೆಚ್ಚು ಹೊತ್ತು ಹಿಡಿಯುವುದರಿಂದ ಇಡೀ ಯಾನದ ಉಳಿತಾಯ ಸುಮಾರು ಶೇ 19. ಹಡಗೋಡಿಸುವವರಿಗೆ ಇದು ಹಳೆಯ ಪಾಠ. 2008ರ ಸುಮಾರಿಗೆ ಎಣ್ಣೆಯ ಬೆಲೆ ಗಗನಕ್ಕೇರಿತು, ಬೆನ್ನಲ್ಲೇ ಆರ್ಥಿಕ ಕುಸಿತ ಬಂದು ಸರಕಿಗಿಂತ ಹಡಗುಗಳೇ ಹೆಚ್ಚಾದವು. ಆಗ ಕಂಪನಿಗಳು ವೇಗ ತಗ್ಗಿಸಿದವು. ಖರ್ಚೂ ಉಳಿಯಿತು, ಬಿಡುವಾಗಿದ್ದ ಹಡಗುಗಳಿಗೆ ಕೆಲಸವೂ ಸಿಕ್ಕಿತು. ಸುಸ್ಥಿರತೆ ವರದಿ ಈ ಉಳಿತಾಯವನ್ನು ಆಮೇಲೆ ಪರಿಸರ ಕಾಳಜಿಯ ಖಾತೆಗೆ ಜಮಾ ಮಾಡಿಕೊಂಡಿತು. ಎಣ್ಣೆಯ ಬೆಲೆ ಕಲಿಸಿದ ಶಿಸ್ತು ಬೆಲೆಯೊಂದಿಗೇ ಸಡಿಲಗೊಳ್ಳುತ್ತದೆ. ದೂರದ ಲೆಕ್ಕದಲ್ಲೂ ಇಂಥದ್ದೇ ಆಟವಿದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದ ದಾರಿ ಅಪಾಯಕ್ಕೆ ಸಿಕ್ಕಿದಾಗ ಹಡಗುಗಳು ಆಫ್ರಿಕಾದ ತುದಿಯನ್ನು ಸುತ್ತಿ ಹೋಗತೊಡಗಿದವು. ದಾರಿ ಉದ್ದವಾಯಿತು, ಎಣ್ಣೆ ಹೆಚ್ಚು ಉರಿಯಿತು. ಭಾಗಾಕಾರದಲ್ಲಿ ದೂರ ಭಾಜಕದ ಕಡೆ ಇರುವುದರಿಂದ ತೀವ್ರತೆಯ ಅಂಕಿಗೆ ಈ ಸುತ್ತಿನಿಂದ ಅಂಥ ಪೆಟ್ಟೇನೂ ಬೀಳಲಿಲ್ಲ. ಅದೇ ಸರಕು ಅದೇ ಊರಿಗೆ ಹೆಚ್ಚು ಹೊಗೆ ಕಾರಿ ತಲುಪಿತು. ಲೆಕ್ಕಕ್ಕೆ ಮಾತ್ರ ಹಡಗು ಹೆಚ್ಚು ‘ಸೇವೆ’ ಮಾಡಿತ್ತು.

2023ರ ಜನವರಿಯಿಂದ ಜಾರಿಗೆ ಬಂದ ಐಎಂಒದ ಇಂಗಾಲ ತೀವ್ರತೆ ಸೂಚಕ ಇನ್ನೂ ವಿಚಿತ್ರವಾದದ್ದು. 5,000 ಟನ್ನೇಜಿಗಿಂತ ದೊಡ್ಡ ಹಡಗುಗಳಿಗೆ ಎ ಯಿಂದ ಇ ವರೆಗೆ ದರ್ಜೆ ಕೊಡುವ ಈ ಸೂಚಕದ ಭಾಜಕದಲ್ಲಿ ಇರುವುದು ಹೊತ್ತ ಸರಕಲ್ಲ, ಹೊರಬಲ್ಲ ಸಾಮರ್ಥ್ಯ. ಹೀಗಾಗಿ ಬರಿದಾದ ಹಡಗು ಹಗುರಾಗಿ ಕಡಿಮೆ ಎಣ್ಣೆಯಲ್ಲಿ ದೂರ ಕ್ರಮಿಸಿದರೆ ಒಳ್ಳೆಯ ದರ್ಜೆ. ತುಂಬಿದ ಹಡಗು ಬಂದರಿನ ಹೊರಗೆ ಪಾಳಿಗಾಗಿ ಎಂಜಿನ್ ಹಚ್ಚಿಕೊಂಡು ಕಾದರೆ ಕೆಟ್ಟ ದರ್ಜೆ. ದಾವಣಗೆರೆಯಿಂದ ಮೆಕ್ಕೆಜೋಳ ತುಂಬಿಕೊಂಡು ಹೋಗಿ, ರಿಟರ್ನ್ ಲೋಡು ಸಿಗದೆ ಖಾಲಿ ಬಂದ ಲಾರಿಯ ಮಾಲೀಕ ಆ ವಾಪಸು ದಾರಿಯನ್ನು ಗಳಿಕೆ ಎಂದು ಬರೆದುಕೊಳ್ಳುವುದಿಲ್ಲ. ಈ ಸೂಚಕ ಬರೆದುಕೊಳ್ಳುತ್ತದೆ. ಒಂದು ವರ್ಷ ಇ ಅಥವಾ ಸತತ ಮೂರು ವರ್ಷ ಡಿ ಬಂದ ಹಡಗು ಮಾಡಬೇಕಾದದ್ದು ಸುಧಾರಣೆಯ ಯೋಜನೆಯೊಂದನ್ನು ಬರೆದುಕೊಡುವುದು, ಅಷ್ಟೆ. ಅಂದರೆ ವರದಿಯಲ್ಲಿ ಕಂಡ ದೋಷಕ್ಕೆ ಇನ್ನೊಂದು ವರದಿ.

ಹೊಗೆ ನಿಜಕ್ಕೂ ಬದಲಾದದ್ದು ಒಮ್ಮೆ, 2020ರ ಜನವರಿ 1ರಂದು. ಹಡಗಿನ ಎಣ್ಣೆಯಲ್ಲಿ ಗಂಧಕ ಶೇ 3.5ರವರೆಗೆ ಇರಬಹುದು ಎಂದಿದ್ದ ಮಿತಿಯನ್ನು ಐಎಂಒ ಅಂದು ಶೇ 0.5ಕ್ಕೆ ಇಳಿಸಿತು. ಇದನ್ನು ಮಾಡಿದ್ದು ಕಾನೂನು. ಉಲ್ಲಂಘಿಸಿದರೆ ಹಡಗನ್ನು ಬಂದರಿನಲ್ಲೇ ತಡೆಹಿಡಿಯಬಹುದು ಎಂಬ ಭಯ ಅದರ ಹಿಂದಿತ್ತು. ಆ ಕಾನೂನಿನಲ್ಲೂ ಒಂದು ಕಿಂಡಿ ಉಳಿಯಿತು. ಹೊಗೆಯನ್ನು ಕಡಲ ನೀರಿನಲ್ಲಿ ತೊಳೆಯುವ ಸ್ಕ್ರಬ್ಬರ್ ಅಳವಡಿಸಿಕೊಂಡ ಹಡಗು ಹಳೆಯ ಅಗ್ಗದ ಎಣ್ಣೆಯನ್ನೇ ಉರಿಸಬಹುದು. ತೆರೆದ ಮಾದರಿಯ ಸ್ಕ್ರಬ್ಬರಿನಲ್ಲಿ ಗಂಧಕದ ಆಮ್ಲ, ಲೋಹದ ಕಣ, ಎಣ್ಣೆಯ ವಿಷಾಂಶ ಬೆರೆತ ತೊಳೆನೀರು ನೇರ ಕಡಲಿಗೆ ಹೋಗುತ್ತದೆ. ವರದಿಯ ವಾಯುಮಾಲಿನ್ಯದ ಪುಟದಲ್ಲಿ ಗಂಧಕ ಕಡಿಮೆಯಾಗಿರುತ್ತದೆ, ಅದು ಸುಳ್ಳೂ ಅಲ್ಲ. ನೈಸರ್ಗಿಕ ಅನಿಲದ ಎಂಜಿನ್ನುಗಳದೂ ಇದೇ ಕತೆ. ಇಂಗಾಲದ ಡೈಆಕ್ಸೈಡ್ ಕಡಿಮೆ ಎಂದು ಹೊಗಳಿಸಿಕೊಳ್ಳುವ ಈ ಎಂಜಿನ್ನುಗಳಿಂದ ಉರಿಯದ ಮೀಥೇನ್ ಸೋರುತ್ತದೆ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಶಾಖ ಹಿಡಿಯುವ ಅನಿಲ. 2012–18ರ ಅವಧಿಯಲ್ಲಿ ಹಡಗುಗಳ ಮೀಥೇನ್ ಸುಮಾರು ಶೇ 150ರಷ್ಟು ಏರಿದ್ದನ್ನು ಐಎಂಒದ ಅಧ್ಯಯನವೇ ದಾಖಲಿಸಿದೆ.

ಭಾಗಾಕಾರಕ್ಕಿಂತ ದೊಡ್ಡ ಚಮತ್ಕಾರ ಗಡಿರೇಖೆಯದು: ಯಾವ ಹೊಗೆ ಯಾರದ್ದು ಎಂದು ಗೆರೆ ಎಳೆಯುವ ಕೆಲಸ. 1997ರ ಕ್ಯೋಟೋ ಒಪ್ಪಂದ ಅಂತರರಾಷ್ಟ್ರೀಯ ಯಾನದ ಎಣ್ಣೆಯನ್ನು ದೇಶಗಳ ಗುರಿಯಿಂದ ಹೊರಗಿಟ್ಟು ಐಎಂಒದ ಕೈಗೆ ಕೊಟ್ಟಿತು. ಅಂದಿನಿಂದ ಆ ಹೊಗೆ ಹೆಚ್ಚಿನ ದೇಶಗಳ ಗುರಿಯೊಳಗೆ ಸೇರಿಲ್ಲ. ಭಾರತದ ಆಮದು–ರಫ್ತಿನಲ್ಲಿ ಭಾರತದ ಧ್ವಜ ಹೊತ್ತ ಹಡಗುಗಳ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ; ಉಳಿದ ಸರಕಿನ ಹೊಗೆಯ ಲೆಕ್ಕ ಜಿನೀವಾ, ಕೋಪನ್‌ಹೇಗನ್‌ಗಳಲ್ಲಿ ಕೂತ ಕಂಪನಿಗಳ ವರದಿಯಲ್ಲಿ ಬರುತ್ತದೆ, ಬಂದರೆ. ನವ ಮಂಗಳೂರು ಬಂದರು ತನ್ನ ವಿದ್ಯುತ್ತಿನ ಬೇಡಿಕೆಯನ್ನು ಸೌರಶಕ್ತಿಯಿಂದ ಪೂರೈಸಿಕೊಳ್ಳುವ ಬಂದರು ಎಂದು ಹೆಸರು ಮಾಡಿದೆ. ಒಳ್ಳೆಯ ಕೆಲಸವೇ. ಆದರೆ ದಕ್ಕೆಗೆ ಕಟ್ಟಿದ ಹಡಗು ತನ್ನ ದೀಪ, ಪಂಪು, ಶೈತ್ಯಯಂತ್ರಗಳಿಗಾಗಿ ಸ್ವಂತ ಡೀಸೆಲ್ ಎಂಜಿನ್ ಓಡಿಸಿದರೆ ಅದು ಬಂದರಿನ ಹೊಗೆಯಲ್ಲ, ಹಡಗಿನದು. ಸರಕು ತಂದ ಲಾರಿ ಗೇಟಿನ ಹೊರಗೆ ಸಾಲು ನಿಂತರೆ ಆ ಹೊಗೆ ಇಬ್ಬರದ್ದೂ ಅಲ್ಲ.

ಆ ಲಾರಿ ದಾವಣಗೆರೆಯದ್ದಾಗಿರಬಹುದು. ಭಾರತದಲ್ಲಿ ಸುಸ್ಥಿರತೆ ವರದಿಯ ನಿಯಮ ಷೇರುಪೇಟೆಯ ನಿಯಂತ್ರಕ ಸೆಬಿಯದು. 2012ರಲ್ಲಿ ಮೊದಲ 100 ಲಿಸ್ಟೆಡ್ ಕಂಪನಿಗಳಿಗೆ ಹೊಣೆಗಾರಿಕೆ ವರದಿ ಕಡ್ಡಾಯವಾಯಿತು. 2022–23ರಿಂದ ಮೊದಲ 1,000 ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ವಿಸ್ತೃತ ನಮೂನೆಯನ್ನು ತುಂಬಬೇಕು. ಈ ನಮೂನೆಯಲ್ಲಿ ಕಂಪನಿಯ ಸ್ವಂತ ಹೊಗೆಯೂ ಅದು ಕೊಂಡ ವಿದ್ಯುತ್ತಿನ ಹೊಗೆಯೂ ಕಡ್ಡಾಯದ ವಿಭಾಗದಲ್ಲಿವೆ. ಕಚ್ಚಾ ಮಾಲು ತಂದವರ, ಸರಕು ಸಾಗಿಸಿದವರ, ಬಳಸಿದವರ ಹೊಗೆ ಇರುವುದು ಐಚ್ಛಿಕ ವಿಭಾಗದಲ್ಲಿ. ಹೆದ್ದಾರಿ 48ರ ಮೇಲೆ ಹರಿಹರ–ದಾವಣಗೆರೆಯ ನಡುವೆ ಹಗಲಿರುಳು ಓಡುವ ಲಾರಿಗಳಲ್ಲಿ ಬಹುಪಾಲು ಟ್ರಾನ್ಸ್‌ಪೋರ್ಟಿನವರು ಬಾಡಿಗೆಗೆ ಹಿಡಿದವು. ಒಂದೋ ಎರಡೋ ಗಾಡಿ ಇಟ್ಟುಕೊಂಡ ಮಾಲೀಕರವು. ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಕಾರ್ಖಾನೆ ತನ್ನ ಸ್ವಂತ ಲಾರಿಗಳನ್ನು ಮಾರಿ ಬಾಡಿಗೆ ಗಾಡಿಗಳಿಗೆ ಕೆಲಸ ಕೊಟ್ಟ ದಿನವೇ ಅದರ ವರದಿಯಲ್ಲಿ ಹೊಗೆ ಇಳಿಯುತ್ತದೆ. ಗಾಡಿ ಅದೇ, ರಸ್ತೆ ಅದೇ, ಚಾಲಕನೂ ಅವನೇ ಇರಬಹುದು. ಹಡಗು ಕಂಪನಿಗಳು ಹಳೆಯ ಹಡಗು ಮಾರಿದಾಗ ಆಗುವುದೂ ಇದೇ: ಮಾರಿದವನ ಸರಾಸರಿ ಸುಧಾರಿಸುತ್ತದೆ, ಹಡಗು ಇನ್ನೊಂದು ಧ್ವಜದಡಿ ಇನ್ನೂ ಹತ್ತು ವರ್ಷ ಹೊಗೆಯಾಡುತ್ತದೆ. ಗೆರೆಯ ಆಚೆಗೆ ಹೋದದ್ದೆಲ್ಲ ಇಲ್ಲವಾದಂತೆ ಎಂದು ಒಪ್ಪಿದರೆ, ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆ ತನ್ನ ಹತ್ತಿ ಮಿಲ್ಲುಗಳು ಮುಚ್ಚಿದ ಮೇಲೆ ಸುಸ್ಥಿರತೆಯಲ್ಲಿ ನಾಡಿಗೇ ಮೇಲ್ಪಂಕ್ತಿ ಎನ್ನಬೇಕಾಗುತ್ತದೆ. ಊರು ಬಟ್ಟೆ ತೊಡುವುದನ್ನು ಬಿಟ್ಟಿಲ್ಲ. ಬಟ್ಟೆಯ ಹೊಗೆ ಬೇರೆಡೆ ಏಳುತ್ತಿದೆ.

ಬಿಆರ್‌ಎಸ್‌ಆರ್‌ನ ಭಾಜಕ ಹಡಗಿನ ಸೂಚಕದ ಭಾಜಕಕ್ಕಿಂತಲೂ ಸಡಿಲು. ಅಲ್ಲಿ ಮುಖ್ಯ ತೀವ್ರತೆಯನ್ನು ಲೆಕ್ಕ ಹಾಕುವುದು ವಹಿವಾಟಿನ ರೂಪಾಯಿಗೆ ಇಷ್ಟು ಎಂದು. 2021ರಲ್ಲಿ ಕೋವಿಡ್‌ನ ಗೊಂದಲದಿಂದ ಕಂಟೇನರ್ ಬಾಡಿಗೆ ಹಲವು ಪಟ್ಟು ಏರಿತು. ಹಾಗೆ ಬಾಡಿಗೆ ಏರಿದ ವರ್ಷ ಒಂದು ಲೀಟರ್ ಎಣ್ಣೆಯನ್ನೂ ಉಳಿಸದ ಹಡಗು ಕಂಪನಿ ಈ ಲೆಕ್ಕದಲ್ಲಿ ಹಸಿರಾಗುತ್ತದೆ. ಬಾಡಿಗೆ ಕುಸಿದ ವರ್ಷ, ಎಣ್ಣೆ ಉಳಿಸಿದರೂ, ಕೊಳೆಯಾಗುತ್ತದೆ. ಹೊಗೆಯ ವರದಿ ಎಂದುಕೊಂಡು ಓದುಗ ಓದುತ್ತಿರುವುದು ಮಾರುಕಟ್ಟೆಯ ದರಪಟ್ಟಿಯನ್ನು.

ಈ ಎಲ್ಲ ಚಮತ್ಕಾರಗಳನ್ನು ಹತ್ತಿರದಿಂದ ನೋಡಲು ಹರಿಹರದ ಎದುರು ದಡಕ್ಕೆ ಹೋಗಬೇಕು. ತುಂಗಭದ್ರೆಯ ಆಚೆ, ಇಂದಿನ ಹಾವೇರಿ ಜಿಲ್ಲೆಯ ಕುಮಾರಪಟ್ಟಣದಲ್ಲಿ, 1970ರ ದಶಕದಲ್ಲಿ ಗ್ವಾಲಿಯರ್ ರೇಯಾನ್ ಕಂಪನಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯನ್ನೂ ಅದರ ಬೆನ್ನಿಗೆ ನೂಲಿನ ನಾರಿನ ಘಟಕವನ್ನೂ ಆರಂಭಿಸಿತು. ಕಂಪನಿಯ ಇಂದಿನ ಹೆಸರು ಗ್ರಾಸಿಂ. ನೀಲಗಿರಿ ಮರದ ಚಕ್ಕೆಯನ್ನು ರಾಸಾಯನಿಕದಲ್ಲಿ ಬೇಯಿಸಿ ತಿರುಳು ತೆಗೆಯುವುದು, ತಿರುಳನ್ನು ಕಾರ್ಬನ್ ಡೈಸಲ್ಫೈಡ್ ಮತ್ತು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ವಿಸ್ಕೋಸ್ ನಾರು ಎಳೆಯುವುದು ಇಲ್ಲಿಯ ಕೆಲಸ. ಮರದ ಅರ್ಧಕ್ಕಿಂತ ಹೆಚ್ಚು ಭಾಗ ತಿರುಳಾಗದೆ ಕಪ್ಪು ದ್ರಾವಣವಾಗುತ್ತದೆ. ಅದರ ಬಹುಪಾಲನ್ನು ಬಾಯ್ಲರಿನಲ್ಲಿ ಉರಿಸಿ ರಾಸಾಯನಿಕವನ್ನು ಮರಳಿ ಪಡೆದರೂ ಒಂದಷ್ಟು ತೊಳೆನೀರಿನ ಪಾಲಾಗುತ್ತದೆ. ನಾರಿನ ಘಟಕದಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ; ಹರಿಹರದ ಸೇತುವೆ ದಾಟುವಾಗ ಬಸ್ಸಿನ ಕಿಟಕಿ ಮುಚ್ಚಿಸುತ್ತಿದ್ದ ಕೊಳೆತ ಮೊಟ್ಟೆಯ ವಾಸನೆ ಅದರದ್ದು. ಆ ಕಾಲದ ಪ್ರಯಾಣಿಕರಿಗೆ ಹರಿಹರ ಬಂತೆಂದು ತಿಳಿಯಲು ಬೋರ್ಡು ಬೇಕಿರಲಿಲ್ಲ.

ಕಾರ್ಖಾನೆಯ ಮೊದಲ ಪರಿಸರ ವರದಿ ಕಂಪನಿಯಿಂದ ಬರಲಿಲ್ಲ. ಹೊಳೆಯ ಕೆಳಪಾತ್ರದ ಐರಣಿ ಮೊದಲಾದ ಹಳ್ಳಿಗಳ ಸೀಮೆಯ ಮೀನುಗಾರರು, ರೈತರು ಸತ್ತ ಮೀನು ಮತ್ತು ಬಣ್ಣಗೆಟ್ಟ ನೀರನ್ನು ಮುಂದಿಟ್ಟು ದೂರು ಹೇಳಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 1984ರಿಂದ ಈ ದೂರನ್ನು ಚಳವಳಿಯಾಗಿಸಿತು. ಅದೇ ಕಾಲಕ್ಕೆ ಕಾರ್ಖಾನೆಗೆ ಮರ ಒದಗಿಸಲೆಂದು ಸರ್ಕಾರದ ಅರಣ್ಯ ನಿಗಮ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಜಮೀನಿನಲ್ಲಿ ನೀಲಗಿರಿ ಬೆಳೆಸುವುದು ಉದ್ದೇಶ. ಹಳ್ಳಿಯವರ ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ನೆಲ ಅದು. ಶಿವರಾಮ ಕಾರಂತರೂ ಸೇರಿ ಹಲವರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು: ನೀಲಗಿರಿ ಸಸಿ ಕಿತ್ತು, ಊರಿಗೆ ಉಪಯೋಗವಾಗುವ ಸಸಿ ನೆಟ್ಟರು. 1991ರಲ್ಲಿ ಪಲ್ಪ್‌ವುಡ್ ಕಂಪನಿಯನ್ನು ಮುಚ್ಚಬೇಕಾಯಿತು. ಈ ಏಳು ವರ್ಷಗಳಲ್ಲಿ ಯಾರ ಕೈಯಲ್ಲೂ ಸುಸ್ಥಿರತೆ ವರದಿ ಇರಲಿಲ್ಲ. ಅಂಥ ವರದಿ ಕಡ್ಡಾಯವಾಗಲು ಇನ್ನೂ ಎರಡು ದಶಕ ಬಾಕಿ ಇತ್ತು.

ಹೊಳೆಗೆ ಬಿಡುವ ನೀರಿನ ನಿಯಮದಲ್ಲೂ ಅದೇ ಭಾಗಾಕಾರ ಕೂತಿದೆ. 1974ರ ಜಲ ಕಾಯ್ದೆಯಡಿ ಕಾರ್ಖಾನೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕು. ಮೇಲ್ಮೈ ನೀರಿಗೆ ಬಿಡುವ ತ್ಯಾಜ್ಯದಲ್ಲಿ ಬಿಒಡಿ, ಅಂದರೆ ಕೊಳೆಯುವ ಪದಾರ್ಥ ಹೀರುವ ಆಮ್ಲಜನಕದ ಪ್ರಮಾಣ, ಸಾಮಾನ್ಯವಾಗಿ ಲೀಟರಿಗೆ 30 ಮಿಲಿಗ್ರಾಂ ಮೀರುವಂತಿಲ್ಲ. ದಿನಕ್ಕೆ ಒಂದು ಕೋಟಿ ಲೀಟರ್ ಬಿಡುವ ಯಾವುದೇ ಕಾರ್ಖಾನೆ ಈ ಮಿತಿಯೊಳಗೇ ಇದ್ದುಕೊಂಡು ಹೊಳೆಯಿಂದ ದಿನಕ್ಕೆ 300 ಕಿಲೋ ಆಮ್ಲಜನಕ ಕಸಿಯಬಹುದು. ಎರಡು ಕೋಟಿ ಲೀಟರ್ ಬಿಟ್ಟರೆ 600 ಕಿಲೋ. ಮಿತಿ ಆಗಲೂ ಮೀರಿಲ್ಲ. ಮಳೆಗಾಲದ ತುಂಗಭದ್ರೆಗೆ ಇದು ಲೆಕ್ಕಕ್ಕೇ ಇಲ್ಲ. ಗಾಜನೂರು, ಲಕ್ಕವಳ್ಳಿಯ ಅಣೆಕಟ್ಟುಗಳು ನೀರು ಹಿಡಿದಿಟ್ಟ ಏಪ್ರಿಲ್ ತಿಂಗಳಲ್ಲಿ ಬಂಡೆಗಳ ನಡುವೆ ತೆವಳುವ ಹೊಳೆಗೆ ಅದೇ ಹೊರೆ ಬೇರೆಯೇ ಸಂಗತಿ. ಕೊಳವೆಯ ಬಾಯಿಯಲ್ಲಿ ತೆಗೆದ ಮಾದರಿ ವರ್ಷವಿಡೀ ಪಾಸಾಗುತ್ತಿದ್ದರೂ ಮೀನು ಬದುಕಬೇಕಾದದ್ದು ಹೊಳೆಯಲ್ಲಿ.

ಇಂದಿನ ವರದಿಯಲ್ಲಿ ಹರಿಹರವನ್ನು ಹುಡುಕುವುದೂ ಕಷ್ಟ. ಬಿಆರ್‌ಎಸ್‌ಆರ್‌ನ ಘಟಕ ಕಂಪನಿ, ಊರಲ್ಲ. ಗ್ರಾಸಿಂಗೆ ಮಧ್ಯಪ್ರದೇಶದ ನಾಗ್ದಾದಲ್ಲಿ, ಗುಜರಾತಿನ ಖರಚ್ ಮತ್ತು ವಿಲಾಯತ್‌ಗಳಲ್ಲಿ ನಾರಿನ ಕಾರ್ಖಾನೆಗಳಿವೆ, ಕಾರವಾರದ ಬಳಿ ರಾಸಾಯನಿಕ ಘಟಕವಿದೆ. 2024ರಿಂದ ಬಣ್ಣದ ವ್ಯಾಪಾರವೂ ಸೇರಿದೆ, ಅದರದ್ದೊಂದು ಕಾರ್ಖಾನೆ ಚಾಮರಾಜನಗರದಲ್ಲಿದೆ. ಎಲ್ಲದರ ನೀರು, ಎಲ್ಲದರ ಹೊಗೆ ಒಂದೇ ಸಾಲಿನಲ್ಲಿ ಕೂಡಿ, ಎಲ್ಲದರ ವಹಿವಾಟಿನಿಂದ ಭಾಗಿಸಲ್ಪಡುತ್ತವೆ. ಬಣ್ಣದ ಡಬ್ಬಿ ಹೆಚ್ಚು ಮಾರಾಟವಾದರೆ ನಾರಿನ ತೀವ್ರತೆಯೂ ಇಳಿದಂತೆ ಕಾಣಬಹುದಾದ ಲೆಕ್ಕ ಇದು. ಇದರಲ್ಲಿ ಕಂಪನಿಯ ಕಳ್ಳತನವೇನೂ ಇಲ್ಲ, ನಮೂನೆ ಕೇಳಿದ್ದನ್ನು ಅದು ಕೊಡುತ್ತದೆ. ತಪ್ಪು ನಮೂನೆಯದು, ಮತ್ತು ಅದನ್ನು ಹೊಳೆಯ ಆರೋಗ್ಯಪತ್ರವೆಂದು ಓದುವವರದು. ಇದೇ ಸಮೂಹದ ತಿರುಳಿನ ಕಾರ್ಖಾನೆಗಳು ಕೆನಡಾ ಮತ್ತು ಸ್ವೀಡನ್ನಿನಲ್ಲೂ ಇವೆ. ಅಂಥ ತಿರುಳು ಭಾರತಕ್ಕೆ ಬರುವುದು ಹಡಗಿನಲ್ಲಿ. ಆ ಯಾನದ ಹೊಗೆ ಹಡಗು ಕಂಪನಿಯ ವರದಿಯಲ್ಲಿ ಟನ್–ಮೈಲಿನಿಂದ ಭಾಗಿಸಿಕೊಂಡು, ನಾರಿನ ಕಂಪನಿಗೆ ಐಚ್ಛಿಕವಾಗಿ, ಬಹುಮಟ್ಟಿಗೆ ದೇಶಗಳ ಗುರಿಗೂ ಸೇರದೆ ಉಳಿಯುತ್ತದೆ.

ವರದಿಯ ಪರವಾದಿಗಳ ವಾದ ಮೂರು. ಒಂದು, ವರದಿಯೇ ಇಲ್ಲದ ಕಾಲಕ್ಕಿಂತ ಇದು ಮೇಲು. ನಿಜ, ಬಿಆರ್‌ಎಸ್‌ಆರ್‌ನಲ್ಲಿ ಒಟ್ಟು ಟನ್ನಿನ ಅಂಕಿಯೂ, ಮೇಲ್ಮೈ ನೀರಿಗೆ ಬಿಟ್ಟ ತ್ಯಾಜ್ಯದ ಮೊತ್ತವೂ ಒಂದು ಕೋಷ್ಟಕದಲ್ಲಿರುತ್ತವೆ. ಆದರೆ ದರ್ಜೆ, ಬಹುಮಾನ, ಹೂಡಿಕೆಯ ಮಾತು ಆ ಸಾಲನ್ನು ಬಿಟ್ಟು ಕೆಳಗಿನ ಭಾಗಲಬ್ಧದ ಮೇಲೆ ನಡೆಯುತ್ತದೆ. ಎರಡು, ದೊಡ್ಡ ಕಂಪನಿಯನ್ನು ಸಣ್ಣದರ ಜೊತೆ ಹೋಲಿಸಲು ತೀವ್ರತೆಯೇ ಬೇಕು. ಹೋಲಿಕೆಗೆ ಬೇಕು ಎಂಬುದು ಒಪ್ಪತಕ್ಕ ಮಾತು. ಗುರಿಗೆ ಏಕೆ ಬೇಕು ಎಂಬುದಕ್ಕೆ ಉತ್ತರವಿಲ್ಲ. ಮೂರನೆಯ ವಾದ ಗಟ್ಟಿಯಾದದ್ದು: ಭಾರತವೂ 2030ರೊಳಗೆ ತನ್ನ ಜಿಡಿಪಿಯ ತೀವ್ರತೆಯನ್ನು 2005ರ ಮಟ್ಟಕ್ಕಿಂತ ಶೇ 45ರಷ್ಟು ಇಳಿಸುವುದಾಗಿ ಜಗತ್ತಿಗೆ ಹೇಳಿದೆ, ಬೆಳೆಯಬೇಕಾದ ದೇಶ ಒಟ್ಟು ಮೊತ್ತಕ್ಕೆ ಹೇಗೆ ಕಟ್ಟುಬೀಳುತ್ತದೆ? ತಲಾ ಹೊಗೆ ಕಡಿಮೆ ಇರುವ, ಬಡವರು ಹೆಚ್ಚಿರುವ ದೇಶಕ್ಕೆ ಆ ರಿಯಾಯಿತಿ ನ್ಯಾಯವೇ. ಅದನ್ನು ಷೇರುದಾರರಿಗೆ ಲಾಭಾಂಶ ಹಂಚುವ ಕಂಪನಿ ತನ್ನದೆನ್ನುವುದು ರೇಷನ್ ಕಾರ್ಡಿನ ಅಕ್ಕಿಯನ್ನು ಮಿಲ್ ಮಾಲೀಕ ಕೇಳಿದಂತೆ. ಐರಣಿಯ ಮೀನುಗಾರನ ಪಾಲಿನ ಅಭಿವೃದ್ಧಿಯನ್ನು ಹೊಳೆಯ ಆಮ್ಲಜನಕದಲ್ಲಿ ಅಳೆಯಬೇಕು, ಕಂಪನಿಯ ವಹಿವಾಟಿನಲ್ಲಿ ಅಲ್ಲ.

ಒಟ್ಟು ಮೊತ್ತದ ಮೇಲೆ ಕಾನೂನು ಕಟ್ಟುವುದು ಅಸಾಧ್ಯವೇನೂ ಅಲ್ಲ. ಯುರೋಪಿನ ಒಕ್ಕೂಟ ತನ್ನ ಬಂದರುಗಳಿಗೆ ಬರುವ ದೊಡ್ಡ ಹಡಗುಗಳನ್ನು 2024ರಿಂದ ಇಂಗಾಲದ ಮಾರುಕಟ್ಟೆಗೆ ಸೇರಿಸಿತು. ಲೆಕ್ಕಕ್ಕೆ ಸಿಕ್ಕ ಟನ್ನುಗಳಲ್ಲಿ ಆ ವರ್ಷಕ್ಕೆ ಶೇ 40, 2025ಕ್ಕೆ ಶೇ 70, 2026ರಿಂದ ಪೂರ್ತಿ ಹೊಗೆಗೆ ಪರವಾನಗಿ ಕೊಳ್ಳಬೇಕು. 2026ರಿಂದ ಮೀಥೇನೂ ಸೇರುತ್ತದೆ. ಅಲ್ಲಿ ಟನ್ನಿಗೆ ದುಡ್ಡು, ದರ್ಜೆಗೆ ಅಲ್ಲ. ಐಎಂಒ ಇನ್ನೂ ತೀವ್ರತೆಯನ್ನೇ ಹಿಡಿದಿದೆ. 2025ರ ಏಪ್ರಿಲ್‌ನಲ್ಲಿ ಒಪ್ಪಿಗೆ ಪಡೆದ ಅದರ ನೆಟ್–ಝೀರೊ ಚೌಕಟ್ಟು ಇಂಧನದ ತೀವ್ರತೆಗೆ ದಂಡ ಹಾಕುವಂಥದ್ದು, ಅದನ್ನೂ ಅಂಗೀಕರಿಸುವ ತೀರ್ಮಾನವನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಂದು ವರ್ಷ ಮುಂದೂಡಲಾಯಿತು. ಭಾರತ 2023ರಲ್ಲಿ ಅಧಿಸೂಚಿಸಿದ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯ ಗುರಿಗಳೂ ಉತ್ಪಾದನೆಯ ಟನ್ನಿಗೆ ಇಷ್ಟು ಎಂಬ ಲೆಕ್ಕದವು.

ಹರಿಹರದ ಮಟ್ಟಿಗೆ ಬೇಕಾದ ಮಾಹಿತಿ ಹೊಸದಾಗಿ ಸೃಷ್ಟಿಯಾಗಬೇಕಾಗಿಲ್ಲ. ತಿರುಳು ಮತ್ತು ಕಾಗದ ಸೇರಿದಂತೆ ಹೆಚ್ಚು ಮಾಲಿನ್ಯದ 17 ಬಗೆಯ ಕೈಗಾರಿಕೆಗಳು ತಮ್ಮ ಕೊಳವೆ–ಚಿಮಣಿಗಳಲ್ಲಿ ಸದಾ ಅಳೆಯುವ ಆನ್‌ಲೈನ್ ಯಂತ್ರ ಇಡಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಆದೇಶಿಸಿದೆ. ಆ ಅಂಕಿಯನ್ನು ಹರಿವಿನಿಂದ ಗುಣಿಸಿದರೆ ದಿನದ ಹೊರೆ ಸಿಗುತ್ತದೆ. ಪಕ್ಕದಲ್ಲಿ ಆ ದಿನದ ಹೊಳೆಯ ಹರಿವನ್ನು ಬರೆದರೆ ಐರಣಿಯವರಿಗೆ ಬೇಕಾದ ವರದಿ ಸಿದ್ಧ. ಬಿಆರ್‌ಎಸ್‌ಆರ್ ನಮೂನೆಯಲ್ಲಿ ಘಟಕವಾರು ನೀರಿನ ಲೆಕ್ಕ ಕೇಳುವ ಒಂದು ಪ್ರಶ್ನೆ ಈಗಾಗಲೇ ಇದೆ, ಆದರೆ ನೀರಿನ ಅಭಾವದ ಪ್ರದೇಶಗಳಿಗಷ್ಟೇ, ಅದೂ ಐಚ್ಛಿಕ ವಿಭಾಗದಲ್ಲಿ. ಸರಕು ಸಾಗಣೆಯ ಹೊಗೆಯ ಪ್ರಶ್ನೆಯೂ ಅದೇ ವಿಭಾಗದಲ್ಲಿದೆ. ಎರಡನ್ನೂ ಕಡ್ಡಾಯದ ವಿಭಾಗಕ್ಕೆ ತರಲು ಹೊಸ ಕಾಯ್ದೆ ಬೇಕಿಲ್ಲ, ಸೆಬಿಯ ಒಂದು ಸುತ್ತೋಲೆ ಸಾಕು.